ರಾತ್ರಿ ಎರಡರ ಎಣ್ಣೆ

ಈ ಎಣ್ಣೆಗೆ ಬಣ್ಣವಿಲ್ಲ,
ವಾಸನೆಯೂ ಇಲ್ಲ. ಬಾಟಲಿ ತುಂಬಿದೆಯೋ ಖಾಲಿಯೋ
ಎತ್ತಿ ನೋಡಿದರಷ್ಟೇ ತಿಳಿಯುವುದು.
ಥರ್ಮಾಕೋಲ್ ಲೋಟಕ್ಕೆ ಹಾಕಿದರೆ
ಲೋಟವನ್ನೇ ಮೆಲ್ಲಗೆ ಮೆತ್ತಗಾಗಿಸುತ್ತದೆ.
ಅದಕ್ಕೇ ಗಾಜಿನ ಬಟ್ಟಲು, ಉಕ್ಕಿನ ಚಮಚ,
ಗೆರೆ ಕೊರೆದ ಗಾಜಿನ ಅಳತೆ.

ಎರಡಕ್ಕೆ ಅಲಾರಂ.
ಹೊರಗೆ ಬಾಲ್ಟಿಕ್ ತನ್ನ ಪಾಡಿಗೆ ಮರಳನ್ನು ಕೆರೆಯುತ್ತಿದೆ,
ಅಲೊಯ್ಜಿ ದೋಣಿಯಲ್ಲಿದ್ದಾನೆ, ಕಾಡ್ ಸಿಗದ ಕಾಲದಲ್ಲಿ ಸಿಕ್ಕಿದ್ದಕ್ಕೆ ಬಲೆ ಬೀಸುತ್ತ.
ನಾನು ಬ್ರೂನೊನನ್ನು ಅರ್ಧ ಮಾತ್ರ ಎಬ್ಬಿಸುತ್ತೇನೆ.
ಕೆನೆ ತೆಗೆದ ಹಾಲು, ಕಾರ್ನ್‌ಫ್ಲೋರು, ಅದರ ಮೇಲೆ ಈ ಎಣ್ಣೆ.
ನಾಲ್ಕು ವರ್ಷದ ಬಾಯಿ ಕಣ್ಣು ಮುಚ್ಚಿಕೊಂಡೇ ನುಂಗುತ್ತದೆ.

ಹುಟ್ಟಿದಾಗ ಹಿಮ್ಮಡಿಯಿಂದ ಒಂದು ಹನಿ ರಕ್ತ ಒಯ್ದವರು
ಒಂಬತ್ತನೆಯ ದಿನ ಗ್ದಾನ್ಸ್ಕ್‌ನಿಂದ ಫೋನ್ ಮಾಡಿದರು.
ಡಾಕ್ಟರಮ್ಮ ಕಾಗದದ ಮೇಲೆ ಸರಪಳಿ ಬರೆದಳು.
ಹದಿನಾರು ಕೊಂಡಿ, ಹದಿನೆಂಟು ಕೊಂಡಿ:
ಬೆಣ್ಣೆಯದು, ಹಂದಿಕೊಬ್ಬಿನದು, ನಿಮ್ಮೂರ ಹೆರಿಂಗ್‌ನದು.
ನಿಮ್ಮ ಮಗನ ಒಲೆಗೆ ಬಾಯಿ ಚಿಕ್ಕದು,
ಉದ್ದ ಸೌದೆ ಅಡ್ಡ ಸಿಕ್ಕಿ ಹೊಗೆಯಾಗುತ್ತದೆ.
ಎಂಟು ಕೊಂಡಿಯದು ಉರಿಯುತ್ತದೆ, ಹತ್ತರದು ಉರಿಯುತ್ತದೆ.
ಉದ್ದವೂ ಅಲ್ಲ, ಗಿಡ್ಡವೂ ಅಲ್ಲ, ಮಧ್ಯಮ.
ನಾನು ಮೀನುಗಾರರ ಮಗಳು, ಸರಪಳಿಯೆಂದರೆ ಲಂಗರು,
ಉದ್ದವಿದ್ದಷ್ಟೂ ಒಳ್ಳೆಯದೆಂದು ಬೆಳೆದವಳು.

ಒಂದಕ್ಷರದ ತಪ್ಪಂತೆ.
ನನ್ನಲ್ಲೊಂದು, ಅಲೊಯ್ಜಿಯಲ್ಲೊಂದು.
ಇಬ್ಬರೂ ಗಟ್ಟಿಮುಟ್ಟು. ಇಬ್ಬರಿಗೂ ಗೊತ್ತಿರಲಿಲ್ಲ.
ಕಶೂಬಿಯರ ಈ ತೀರದಲ್ಲಿ ಅಡ್ಡಹೆಸರಿನ ಹಾಗೆ
ಮನೆಯಿಂದ ಮನೆಗೆ ಸೊಸೆಯರ ಜೊತೆ ನಡೆದು ಬಂದ ತಪ್ಪು.

ಬಾಟಲಿಯ ಬೆನ್ನಿಗೆ ಸಣ್ಣಕ್ಷರದಲ್ಲಿ: ತೆಂಗಿನಿಂದ.
ನಮ್ಮ ಮರಳಿನಲ್ಲಿ ಬೆಳೆಯುವುದು ಪೈನ್, ಅದೂ ಗಾಳಿಗೆ ಗೂನು ಬಿದ್ದದ್ದು.
ಗ್ದಿನ್ಯಾದ ಅಂಗಡಿಯಲ್ಲಿ ಒಮ್ಮೆ ತೆಂಗಿನಕಾಯಿ ಕಂಡೆವು,
ಬ್ರೂನೊ ಅದರ ಕಣ್ಣಿನ ಮೇಲೆ ಬೆರಳಿಟ್ಟು ಕೇಳಿದ,
"ಇದಕ್ಕೆ ನಾನು ಗೊತ್ತಾ?"

ಬೇಸಿಗೆಯಲ್ಲಿ ಅಲೆಯ ಹಲಗೆ ಹತ್ತಲು ಬರುವ ವಾರ್ಸಾದ ಹುಡುಗರು
ಇದೇ ಎಣ್ಣೆಯನ್ನು ಕಾಫಿಗೆ ಸುರಿದುಕೊಳ್ಳುತ್ತಾರೆ,
ಸೊಂಟ ಕರಗಲೆಂದು, ಬುದ್ಧಿ ಚುರುಕಾಗಲೆಂದು. ಇರಲಿ.
ಒಬ್ಬ ನನ್ನ ಚೀಲ ನೋಡಿ ಗೆಳೆತನದಿಂದ ಕೇಳಿದ,
ನಿಮಗೆ ಪರಿಣಾಮ ಕಂಡಿದೆಯಾ?
ಕಂಡಿದೆ, ಅಂದೆ. ಬೆಳಿಗ್ಗೆ ಏಳುತ್ತಾನೆ.

ಅತ್ತೆ ಗೆರ್ತ್ರೂದಾ ಹೊಗೆಗೂಡಿನವಳು,
ಐವತ್ತು ವರ್ಷ ಹಾವುಮೀನು ತೂಗುಹಾಕಿ ಮಾರಿದವಳು,
ಕೊಬ್ಬು ಮೊಣಕೈಗೆ ಇಳಿಯದಿದ್ದರೆ ಅದು ಊಟವೇ ಅಲ್ಲ ಅವಳಿಗೆ.
ಮೊದಮೊದಲು ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದಳು:
"ನೀರಿಗೆ ಎಣ್ಣೆಯೆಂದು ಹೆಸರಿಟ್ಟು ದುಡ್ಡು ಕೀಳ್ತಾರೆ."

ನಿನ್ನೆ ಅಲಾರಂಗೂ ಮೊದಲೇ ಅಡುಗೆಮನೆಯಲ್ಲಿ ದೀಪ.
ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.
"ಔಗುಸ್ತಿನ್‌ಗೂ ಜ್ವರ ಇತ್ತು," ಅಂದಳು.
ಆ ಹೆಸರನ್ನು ನಾನು ಕಲ್ಲಿನ ಮೇಲೆ ಮಾತ್ರ ಓದಿದ್ದೆ:
ಹನ್ನೊಂದು ತಿಂಗಳು, ೧೯೭೧.
"ಹಾಲು ಬೇಡ ಅಂದ. ಪಾಪ, ಸುಸ್ತಾಗಿದೆ,
ಮಲಗಲಿ ಬಿಡಿ, ಯಾರೂ ಎಬ್ಬಿಸಬೇಡಿ ಅಂದೆ.
ನಾನೇ ಅಂದೆ."

ಫ್ರಿಜ್ಜು ಗುರುಗುಟ್ಟಿ ಸುಮ್ಮನಾಯಿತು.

"ಆಗ ಈ ಎಣ್ಣೆ ಇತ್ತೇನೇ?"

ಇತ್ತೋ ಏನೋ, ಯಾವುದೋ ದೇಶದ ಯಾವುದೋ ಆಸ್ಪತ್ರೆಯ ಬೀರುವಿನಲ್ಲಿ.
ಇದ್ದರೂ ಕಾಯಿಲೆಗೆ ಇನ್ನೂ ಹೆಸರು ಹುಟ್ಟಿರಲಿಲ್ಲ.
ಇರಲಿಲ್ಲ, ಅಂದೆ.

ನಂಬಿದಳೋ ಇಲ್ಲವೋ.
ಬಗ್ಗಿ, ಗೆರೆಗೆ ಕಣ್ಣು ಸಮ ಮಾಡಿ,
ಹೆಚ್ಚಾದ ಒಂದು ಹನಿಯನ್ನು ಬಾಟಲಿಗೆ ಹಿಂದಕ್ಕೆ ಬಿಟ್ಟಳು.
ಆಮೇಲೆ ಕೋಣೆಯೊಳಗೆ ಹೋಗಿ,
ಅಷ್ಟು ಜೋರಾಗಿ ಅವಳು ಯಾರನ್ನೂ ಕರೆದದ್ದು ನಾನು ಕೇಳಿಲ್ಲ,
"ಏಳೋ," ಅಂದಳು.
"ಏಳು ಮಗೂ, ಏಳು."